ಎರಡು ನೀರಿನ ನಡುವೆ

ದ್ವೀಪವನ್ನು ನೋಡಬೇಕಾದರೆ ಮಲ್ಪೆಗೋ ಕಾರವಾರಕ್ಕೋ ಹೋಗಿ ದೋಣಿಯೇರಬೇಕೆಂಬುದು ನಮ್ಮ ಪೇಟೆಯ ಜನರ ಸಾಮಾನ್ಯ ಭಾವನೆ. ಕಡಲಿನಿಂದ ಅಷ್ಟು ದೂರದಲ್ಲಿ, ಜೋಳ ತೊಗರಿ ಹತ್ತಿಗಳ ಕರಿನೆಲದಲ್ಲಿ ವಾಸಿಸುವ ಯಾದಗಿರಿ ಜಿಲ್ಲೆಯವನು ದ್ವೀಪಪ್ರವಾಸದ ಮಾತೆತ್ತಿದರೆ ಕೇಳಿದವರು ನಕ್ಕಾರು. ಆದರೆ ಭೂಪಟವನ್ನು ಬಿಡಿಸಿ, ನಾರಾಯಣಪುರದಿಂದ ಕೆಳಕ್ಕೆ ಕೃಷ್ಣೆಯ ಜಾಡಿನ ಮೇಲೆ ಬೆರಳಿಟ್ಟು ಸಾಗಿದರೆ ಸ್ಥಳನಾಮಗಳೇ ಸಾಕ್ಷಿ ನುಡಿಯುತ್ತವೆ: ಕಡದರಗಡ್ಡಿ, ಕರಕಲಗಡ್ಡಿ, ಮ್ಯಾದರಗಡ್ಡಿ, ನೀಲಕಂಠರಾಯನಗಡ್ಡಿ, ಇನ್ನೂ ಕೆಳಗೆ, ರಾಯಚೂರಿನ ಕಡೆಗೆ, ಕುರುಗಡ್ಡೆ, ನಾರದಗಡ್ಡೆ. ಗ್ರಂಥಗಳಲ್ಲಿ ನಡುಗಡ್ಡೆಯಾದದ್ದು ನಮ್ಮವರ ಬಾಯಲ್ಲಿ ಬರಿಯ ಗಡ್ಡಿ.

ಪಾಠ ಹೇಳುವವನ ಚಾಳಿ ರಜೆಯ ದಿನವೂ ಬಿಡದು. ಓದುಗರು ಒಂದು ನಿಮಿಷ ಸೈರಿಸಬೇಕು. ಸಂಸ್ಕೃತದ ‘ದ್ವೀಪ’ ಶಬ್ದವನ್ನು ಒಡೆದರೆ ‘ದ್ವಿ’ ಮತ್ತು ‘ಅಪ್’ ದೊರೆಯುತ್ತವೆ. ಎರಡು ಕಡೆ ನೀರುಳ್ಳದ್ದು ಎಂದು ಅರ್ಥ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನು ಇತಿಹಾಸಕಾರರು ‘ದೋಆಬ್’ ಎನ್ನುತ್ತಾರೆ. ಪಾರಸಿಯ ಆ ಮಾತಿನಲ್ಲಿಯೂ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಒಂದೇ ಮನೆತನದ ಎರಡು ಭಾಷೆಗಳು ಒಂದೇ ಕಲ್ಪನೆಯನ್ನು ಬೇರೆ ಬೇರೆ ಉಡುಪಿನಲ್ಲಿ ಕಳುಹಿಸಿಕೊಟ್ಟಿವೆ. ಕನ್ನಡದ ಶಾಸನಗಳು ಇದೇ ಸೀಮೆಯನ್ನು ‘ಎಡೆದೊರೆ’ ಎಂದು ಕರೆದವು; ತೊರೆಗಳ ಎಡೆಯಲ್ಲಿರುವ ನಾಡು ಎಂದು. ಇನ್ನು ಹಳಗನ್ನಡದ ‘ಕುರುವ’ ಎಂಬ ಮಾತು ದ್ವೀಪಕ್ಕೇ ಸಲ್ಲುವಂಥದು. ಕುರುಗಡ್ಡೆಗೆ ಕುರುವಪುರವೆಂಬ ಹೆಸರೂ ಇದೆ. ಕರಾವಳಿಯವರ ‘ಕುದುರು’ ಕೂಡ ಇದನ್ನೇ ಹೇಳುತ್ತದೆ. ಇಷ್ಟೊಂದು ಹೆಸರುಗಳಿರುವ ವಸ್ತುವು ಜನರ ಬಾಳಿಗೆ ಹತ್ತಿರದ್ದಾಗಿರಲೇಬೇಕು.

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿರುವ ನಮ್ಮ ದೋರನಹಳ್ಳಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಸುಗ್ಗಿ ಮುಗಿದ ಮೇಲೆ ಭಾನುವಾರಗಳಲ್ಲಿ ಒಂದು ಕ್ರೂಸರ್ ಗಾಡಿಯನ್ನು ಬಾಡಿಗೆಗೆ ಹಿಡಿದು ಊರಿನವರನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ಯುವುದು ಅವರ ಹವ್ಯಾಸ. ತಲೆಗೆ 450 ರೂಪಾಯಿ. ಎರಡು ಬಾರಿ ಚಹಾ ಅವರದು, ಬುತ್ತಿ ನಮ್ಮದು, ವಿವರಣೆ ಬೇಕಾದಷ್ಟು. ಸಂಕ್ರಾಂತಿ ಕಳೆದ ಮುಂದಿನ ಭಾನುವಾರ ಜಲದುರ್ಗಕ್ಕೆ ಹೊರಟ ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬನಾದೆ. ನನ್ನ ಪಕ್ಕದಲ್ಲಿ ಐವತ್ತರ ಸುಮಾರಿನ ಒಬ್ಬ ರೈತರು, ಅವರ ಮುಂದಿನ ಆಸನದಲ್ಲಿ ಅವರ ಮಡದಿ. ತೀರ್ಥಯಾತ್ರೆಗಲ್ಲದೆ ಊರು ಬಿಟ್ಟವರಲ್ಲ. ಇವರಿಗೆ ಕೋಟೆ ಕೊತ್ತಲಗಳ ಮೇಲೆ ಒಮ್ಮೆಲೇ ಇಷ್ಟು ಪ್ರೀತಿ ಹುಟ್ಟಿದ್ದು ಹೇಗೆ ಎಂಬುದು ಸುರಪುರ ಬರುವುದರೊಳಗೆ ತಿಳಿಯಿತು. ಹೊಳೆಯ ಆ ಭಾಗದ ಒಂದು ಗಡ್ಡಿಯ ಊರಿನಿಂದ ಮಗಳಿಗೆ ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು, ಎಂಟೆಕರೆ ಹೊಲ, ಬೇಡಿಕೆ ಏನೂ ಇಲ್ಲ. ಬೀಗರಿಗೆ ಸುದ್ದಿ ಕೊಟ್ಟು ಹೋದರೆ ಅವರು ತೋರಿಸಿದ್ದನ್ನು ಮಾತ್ರ ನೋಡಬೇಕಾಗುತ್ತದೆ. ಆದ್ದರಿಂದ ಈ 450 ರೂಪಾಯಿಯ ಪ್ರವಾಸ.

“ಎಲ್ಲಾ ಚಲೋ ಅದರಿ ಸರ. ಆದ್ರ ಗಡ್ಡಿ ಅಂದ್ಕೂಡ್ಲೆ ಇಕಿ ಎದಿ ಧಸಕ್ ಅಂತದ,” ಎಂದು ಮಡದಿಯ ಕಡೆ ಕಣ್ಣು ಮಾಡಿದರು. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದರೂ ಕಿವಿ ಮಾತ್ರ ಇತ್ತಲೇ ಇತ್ತು.

ಸುರಪುರದ ಗುಡ್ಡವನ್ನು ಹಾದುಹೋಗುವಾಗ ಮಾಸ್ತರರು ಎದ್ದುನಿಂತು ಮೆಡೋಸ್ ಟೇಲರ್ ಸಾಹೇಬನ ಬಂಗಲೆಯ ದಿಕ್ಕಿಗೆ ಕೈತೋರಿಸಿದರು. 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಟೇಲರನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾಯಿತು. ಸುರಪುರದ ಕಥೆಗೆ ಅದರಲ್ಲಿ ದೊಡ್ಡ ಪಾಲು. ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈಮುಗಿದು, ಸೇತುವೆಯಿಂದ ಕೃಷ್ಣೆಯನ್ನು ದಾಟಿದೆವು. ಕೆಳಗೆ ಬಂಡೆಗಳೇ ಹೆಚ್ಚು, ನೀರು ಕಡಿಮೆ. ಗಾಡಿಯಲ್ಲಿದ್ದ ಇಬ್ಬರು ಹುಡುಗರು ಮೊಸಳೆ ಕಾಣುವುದೇ ಎಂದು ಬಗ್ಗಿ ನೋಡಿದರು. ಈ ಹೊಳೆಯಲ್ಲಿ ಮೊಸಳೆಗಳುಂಟು. ಆದರೆ ಪ್ರವಾಸಿಗರ ಸಮಯಕ್ಕೆ ಸರಿಯಾಗಿ ಬಂದು ಮಲಗುವ ಶಿಸ್ತು ಅವುಗಳಿಗಿಲ್ಲ.

ಲಿಂಗಸುಗೂರು ತಾಲ್ಲೂಕಿನ ಜಲದುರ್ಗವನ್ನು ತಲಪಿದಾಗ ಹೊತ್ತು ಹತ್ತು ಗಂಟೆ ಮೀರಿತ್ತು. ಕೃಷ್ಣೆ ಇಲ್ಲಿ ಎರಡು ಕವಲಾಗಿ ಒಡೆದು, ಬಂಡೆಯ ದಿಣ್ಣೆಯೊಂದನ್ನು ಎರಡು ತೋಳುಗಳ ನಡುವೆ ಇರಿಸಿಕೊಂಡು ಮತ್ತೆ ಕೂಡಿಕೊಳ್ಳುತ್ತಾಳೆ. ದಿಣ್ಣೆಯ ಮೇಲೆ ಕೋಟೆ. ಕಂದಕವನ್ನು ತೋಡುವ ಶ್ರಮವನ್ನು ನದಿಯೇ ಉಳಿಸಿಕೊಟ್ಟಿದ್ದಾಳೆ. ವಿಜಯನಗರದವರೂ ಬಹಮನಿಗಳೂ, ಅವರ ತರುವಾಯ ಬಿಜಾಪುರದ ಆದಿಲಶಾಹಿಗಳೂ ಈ ಎಡೆದೊರೆಯ ಸೀಮೆಗಾಗಿ ಎಷ್ಟು ಬಾರಿ ಕಾದಾಡಿದರೆಂಬುದನ್ನು ಲೆಕ್ಕವಿಡುವುದು ಕಷ್ಟ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದದ್ದು ಆ ಸಾಲಿನ ಪ್ರಸಿದ್ಧ ಘಟನೆ. ಮಾಸ್ತರರು ನಮ್ಮನ್ನು ಒಂದು ಕೊತ್ತಲದ ಅಂಚಿಗೆ ಕರೆದೊಯ್ದು, ಅಪರಾಧಿಗಳನ್ನು ಇಲ್ಲಿಂದಲೇ ಹೊಳೆಗೆ ನೂಕುತ್ತಿದ್ದರೆಂದು ತಗ್ಗಿದ ದನಿಯಲ್ಲಿ ಹೇಳಿದರು. ನಾನು ನೋಡಿದ ಕೋಟೆಗಳಲ್ಲೆಲ್ಲ ಇಂಥದೊಂದು ಸ್ಥಳವಿದೆ. ಅದಿಲ್ಲದೆ ಮಾರ್ಗದರ್ಶಿಯ ವೃತ್ತಿ ನಡೆಯದೆಂದು ತೋರುತ್ತದೆ. ಆದರೂ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು.

ಜಲದುರ್ಗದ ನಿಜವಾದ ವೈಭವ ಕೋಟೆಯಲ್ಲ, ಇಳಿಜಾರು. ದಖ್ಖನಿನ ಎತ್ತರದ ನೆಲದಿಂದ ಸುರಪುರ ರಾಯಚೂರುಗಳ ತಗ್ಗಿನ ಸೀಮೆಗೆ ಕೃಷ್ಣೆ ಇಳಿದುಬರುವುದು ಈ ಭಾಗದಲ್ಲಿಯೇ. ಸುಮಾರು ಮೂರು ಮೈಲಿಗಳ ಅಂತರದಲ್ಲಿ 408 ಅಡಿ ಇಳಿಯುತ್ತಾಳೆಂದು ಹಳೆಯ ಗೆಜೆಟಿಯರು ಬರೆದಿಟ್ಟಿದೆ. ಜೋಗದಂತೆ ಒಂದೇ ನೆಗೆತವಲ್ಲ. ಕಲ್ಲಿನ ಮೆಟ್ಟಿಲುಗಳ ಮೇಲೆ ಎಡವುತ್ತ, ಸೀಳುತ್ತ, ಮತ್ತೆ ಕೂಡುತ್ತ ಇಳಿಯುವ ಬಗೆ. ನಾವು ಹೋದಾಗ ಆ ಮೆಟ್ಟಿಲುಗಳೆಲ್ಲ ಬತ್ತಲೆಯಾಗಿದ್ದವು. ನುಣುಪಾದ ಬಂಡೆಗಳ ಸಂದಿಯಲ್ಲಿ ಹಸಿರು ಮಡುಗಳು; ಅಲ್ಲಿ ಇಲ್ಲಿ ಒಂದು ತೆಳ್ಳನೆಯ ಧಾರೆ. ಒಂದು ಬಂಡೆಯ ಮೇಲೆ ಯಾರೋ ಹಪ್ಪಳ ಒಣಹಾಕಿದ್ದರು. ಆಷಾಢ ಶ್ರಾವಣಗಳಲ್ಲಿ ಇದೇ ಬಂಡೆಯ ಮೇಲೆ ಆನೆ ನಿಂತರೂ ಕೊಚ್ಚಿಹೋದೀತೆಂದರು ಮಾಸ್ತರರು. ನೀರಿನ ಗುರುತು ತೋರಿಸಲು ಅವರು ಕೈಯೆತ್ತಿದ ಕಡೆ ನೋಡಬೇಕಾದರೆ ನಾವು ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಯಿತು.

ಮೀನುಗಾರನೊಬ್ಬನು ನಮ್ಮನ್ನು ನಾಲ್ಕು ನಾಲ್ಕು ಮಂದಿಯಂತೆ ಹರಿಗೋಲಿನಲ್ಲಿ ಒಂದು ಮಡುವಿನ ಸುತ್ತ ತಿರುಗಿಸಿದನು. ಹರಿಗೋಲೆಂಬುದು ವಿಚಿತ್ರವಾದ ವಾಹನ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹೊರಟಾಗ ಕೋಟೆಗೆ ಮುಖಮಾಡಿ ಕುಳಿತವನು ತಲಪುವಾಗ ಬೆನ್ನುಮಾಡಿರುತ್ತಾನೆ. ನಮ್ಮ ರೈತರು ಎರಡು ಕೈಗಳಿಂದಲೂ ಅಂಚನ್ನು ಹಿಡಿದುಕೊಂಡೇ ಪ್ರಶ್ನೆಗಳನ್ನು ಆರಂಭಿಸಿದರು.

“ಹೊಳಿ ಬಂದಾಗ ಹೆಂಗ ದಾಟ್ತೀರಪ?”

“ದಾಟಂಗಿಲ್ರಿ.”

“ಅಂದ್ರ?”

“ಅಂದ್ರ ಏನ್ರಿ, ಕುಂಡ್ರೂದು. ಡ್ಯಾಮಿನವ್ರು ಗೇಟ ಬಂದ್ ಮಾಡೋ ತನಕ ಕುಂಡ್ರೂದು.”

ಈ ‘ಡ್ಯಾಮಿನವರ’ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರಿಂದ. ಅದರ ಕೆಳಗಿನ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಪೂರ್ಣವಾಯಿತು, ಬಸವಸಾಗರವೆಂದು ಹೆಸರು. ಮೊದಲು ಹೊಳೆ ಬರುವುದು ಮಳೆಯನ್ನು ನೋಡಿಕೊಂಡು ಬರುತ್ತಿತ್ತು. ಹಿರಿಯರು ಮೋಡದ ಬಣ್ಣದಿಂದಲೂ ನೀರಿನ ಕೆಂಪಿನಿಂದಲೂ ಅದರ ಬರವನ್ನು ಊಹಿಸುತ್ತಿದ್ದರು. ಈಗ ಗಡ್ಡಿಯ ಮೇಲೆ ಹನಿ ಮಳೆಯಿಲ್ಲದ ಬಿಸಿಲಿನ ದಿನದಲ್ಲಿಯೂ ಹೊಳೆ ಏರಬಹುದು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ಬಿಟ್ಟದ್ದು ನಾರಾಯಣಪುರಕ್ಕೆ, ಅಲ್ಲಿಂದ ಬಿಟ್ಟದ್ದು ಇವರ ಅಂಗಳಕ್ಕೆ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯುಸೆಕ್ಕಿನ ಆಸುಪಾಸು ನೀರು ಹೊರಬಿದ್ದಾಗ, ಕೆಳಗಡೆ ಶೀಲಹಳ್ಳಿಯ ಸೇತುವೆ, ದೇವದುರ್ಗದ ಹಾದಿಯ ಹೂವಿನಹೆಡಗಿ ಸೇತುವೆ ಎರಡೂ ಮುಳುಗಿದವು. ಶೀಲಹಳ್ಳಿಯ ಸೇತುವೆ ಮುಳುಗಿತೆಂದರೆ ಯರಗೋಡಿ, ಕಡದರಗಡ್ಡಿಗಳ ಜನರು ಪೇಟೆಗೆ ಸುತ್ತುಹಾದಿ ಹಿಡಿಯಬೇಕು. ಸೇತುವೆಯೇ ಇಲ್ಲದ ಸಣ್ಣ ಗಡ್ಡಿಗಳವರಿಗೆ ಸುತ್ತುಹಾದಿಯೂ ಇಲ್ಲ.

ಬುತ್ತಿಯನ್ನು ಬಿಚ್ಚಿದ್ದು ಊರೊಳಗಿನ ಒಂದು ಮನೆಯ ಕಟ್ಟೆಯ ಮೇಲೆ. ಸಜ್ಜೆಯ ರೊಟ್ಟಿ, ಬದನೆಯ ಎಣ್ಣೆಗಾಯಿ, ಶೇಂಗಾ ಹಿಂಡಿ. ಮನೆಯವರು ಕೇಳದೆಯೇ ಒಂದು ಚರಿಗೆ ಮಜ್ಜಿಗೆಯನ್ನು ತಂದಿಟ್ಟರು. ಗಂಡಸರು ಅಡಕೆ ಎಲೆ ಹಾಕಿಕೊಂಡು ರಾಜಕಾರಣಕ್ಕೆ ತೊಡಗಿದರು. ಅಷ್ಟರಲ್ಲಿ ರೈತರ ಮಡದಿ ಮನೆಯಾಕೆಯ ಪಕ್ಕದಲ್ಲಿ ಕುಳಿತಾಗಿತ್ತು. ಗಂಡನು ಹರಿಗೋಲಿನಲ್ಲಿ ಅರ್ಧಗಂಟೆ ಕೇಳಿ ತಿಳಿಯದಿದ್ದುದನ್ನು ಆಕೆ ಹತ್ತು ನಿಮಿಷಗಳಲ್ಲಿ ತಿಳಿದುಕೊಂಡಳು.

“ಬಸುರಿದ್ದವ್ರು ಏನ್ ಮಾಡ್ತೀರಿ ಯಕ್ಕ?”

“ಗಡ್ಡಿ ಊರಾಗಿನ ನಮ್ಮ ಬೀಗರು ಜ್ಯೇಷ್ಠದಾಗಽ ತವರಿಗಿ ಕಳಸಿಬಿಡ್ತಾರವ್ವ. ದಿನ ತುಂಬಲಿ ಬಿಡಲಿ. ಹೊಳಿ ಇಳದ ಮ್ಯಾಲ ಕೂಸಿನ ಕೂಡ ಬರ್ತಾರ.”

“ಗಂಡ ಮಾರಿ ನೋಡಾಕ?”

“ಫೋನಿನ್ಯಾಗ ನೋಡ್ತಾನ,” ಎಂದು ಮನೆಯಾಕೆ ನಕ್ಕಳು. ಬಳಿಕ ನಗುವನ್ನು ನಿಲ್ಲಿಸಿ, ಹಿಟ್ಟು, ಸಿಲಿಂಡರು, ಜ್ವರದ ಗುಳಿಗೆ ಇವನ್ನೆಲ್ಲ ಮುಂಗಾರಿನಲ್ಲಿಯೇ ಹೇಗೆ ಕೂಡಿಡಬೇಕೆಂಬುದನ್ನು ಒಂದೊಂದಾಗಿ ಹೇಳಿದಳು. ಬೇಡವೆಂದು ಹೆದರಿಸುವ ದನಿಯಲ್ಲ. ಸೊಸೆಗೆ ಅಡಿಗೆಮನೆಯನ್ನು ತೋರಿಸುವ ದನಿ. ರೈತರ ಮಡದಿ ಪ್ರತಿಯೊಂದಕ್ಕೂ ತಲೆದೂಗುತ್ತ ಕೇಳಿದಳು. ಈಕೆ ಯಾಕೆ ಕೇಳುತ್ತಿದ್ದಾಳೆಂಬುದು ಮನೆಯಾಕೆಗೆ ಮೊದಲ ಪ್ರಶ್ನೆಯಲ್ಲಿಯೇ ತಿಳಿದಿತ್ತೆಂದು ನನ್ನ ನಂಬಿಕೆ.

ತವರಿಗೆ ಸಕಾಲದಲ್ಲಿ ಹೋಗಲಾಗದವರ ಗತಿಯೇನು? ಅದಕ್ಕೂ ಈ ಹೊಳೆಯಲ್ಲಿ ಒಂದು ಉದಾಹರಣೆಯುಂಟು. ಮಾಸ್ತರರು ಅದನ್ನು ಹೆಂಗಸರು ಗಾಡಿ ಹತ್ತಿದ ಮೇಲೆ, ನನಗೆ ಮಾತ್ರ ಕೇಳುವಂತೆ ನೆನಪಿಸಿದರು. 2013ರ ಮಳೆಗಾಲದಲ್ಲಿ, ಕಕ್ಕೇರಾ ಬಳಿಯ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಉಕ್ಕಿ ಹರಿಯುವ ಕೃಷ್ಣೆಯನ್ನು ಈಜಿ ದಾಟಿದಳು. ಆಸ್ಪತ್ರೆ ಆಚೆಯ ದಡದಲ್ಲಿ. ಯಾವ ಹರಿಗೋಲೂ ಆ ಸೆಳವಿನಲ್ಲಿ ನಿಲ್ಲುವಂತಿರಲಿಲ್ಲ. ಒಣಗಿದ ಸೋರೆ ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತವರಿನ ಗಂಡಸರು ಜೊತೆಯಲ್ಲಿ ಈಜುತ್ತಿರಲು, ಆಕೆ ದಡ ಮುಟ್ಟಿ ಕಕ್ಕೇರಾದ ಆಸ್ಪತ್ರೆಯನ್ನು ಸೇರಿದಳು. ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು. ಲೋಕವೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿತು. ಧೈರ್ಯವೆಂಬುದು ನಿಜ. ಆದರೆ ಹೆರಿಗೆಗೆ ಹೋಗುವವಳಿಗೆ ಧೈರ್ಯವಲ್ಲ, ದಾರಿ ಬೇಕು. ಈ ಮಾತನ್ನು ಆಗ ಹೊಗಳಿದವರಲ್ಲಿ ಎಷ್ಟು ಮಂದಿ ಕೇಳಿದರೋ!

ಮರಳುವ ದಾರಿ ನಾರಾಯಣಪುರದ ಮೇಲೆ. ಛಾಯಾಭಗವತಿಯ ಮೆಟ್ಟಿಲುಗಳನ್ನಿಳಿದು ಕೈಕಾಲು ತೊಳೆದುಕೊಂಡು ಅಣೆಕಟ್ಟಿನ ಬಳಿಗೆ ಬಂದಾಗ ಸೂರ್ಯನು ಜಲಾಶಯದ ಮೇಲೆ ವಾಲಿದ್ದನು. ಒಂದು ಕಡೆ ಕಣ್ಣು ಹಾಯುವಷ್ಟು ದೂರ ನೀಲಿ ನೀರು. ಇನ್ನೊಂದು ಕಡೆ ನಾವು ಹಗಲೆಲ್ಲ ತಿರುಗಿದ ಒಣ ಬಂಡೆಗಳು. ನಡುವೆ ಮುಚ್ಚಿದ ಗೇಟುಗಳ ಸಾಲು. ನಮ್ಮ ರೈತರು ಬೆರಳು ಮಡಿಚುತ್ತ ಅವನ್ನು ಎಣಿಸತೊಡಗಿದರು. ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರು.

“ಮಾಸ್ತರ, ನಮ್ಮ ಕಾಲುವಿಗಿ ಬರೋ ನೀರು ಯಾವ ಗೇಟಿಂದು?”

“ಇವು ಹೊಳಿಗಿ ಬಿಡೋವು. ನಮ್ಮ ಎಡದಂಡಿ ಕಾಲುವಿ ಬ್ಯಾರೆ ಕಡಿಂದ ಹೊಂಡ್ತದ. ನೀರು ಮಾತ್ರ ಇದಽ.”

ಎಡದಂಡೆಯ ಕಾಲುವೆ ಬಂದ ಮೇಲೆಯೇ ಶಹಾಪುರ ಸುರಪುರಗಳ ಹೊಲಗಳಲ್ಲಿ ಭತ್ತ ಕಂಡದ್ದು. ಈ ರೈತರದೂ ನಾಲ್ಕೆಕರೆ ನೀರಾವರಿ. ಮಗಳ ಮದುವೆಗೆ ತೆಗೆದಿಟ್ಟ ಹಣ ಆ ಭತ್ತದ್ದೇ ಎಂದು ಬೆಳಿಗ್ಗೆ ಅವರೇ ಹೇಳಿದ್ದರು. ಅವರು ಮತ್ತೇನನ್ನೂ ಕೇಳಲಿಲ್ಲ. ಜಲಾಶಯವನ್ನೂ ಬಂಡೆಗಳನ್ನೂ ಒಂದರ ನಂತರ ಒಂದರಂತೆ ನೋಡುತ್ತ ನಿಂತರು. ಹುಡುಗರು ಛಾಯಾಚಿತ್ರ ತೆಗೆಯಲು ಕರೆದಾಗ ಮಾತ್ರ ರುಮಾಲು ಸರಿಪಡಿಸಿಕೊಂಡು ಹೋಗಿ ನಿಂತುಕೊಂಡರು.

ಕೊಡೇಕಲ್ಲು, ಹುಣಸಗಿ, ಸುರಪುರಗಳನ್ನು ಕತ್ತಲೆಯಲ್ಲಿ ಹಾದು ದೋರನಹಳ್ಳಿಗೆ ಬಂದಾಗ ರಾತ್ರಿ ಒಂಬತ್ತೂವರೆ. ದಾರಿಯುದ್ದಕ್ಕೂ ಗಂಡ ಹೆಂಡಿರು ಗಡ್ಡಿಯ ಮಾತೆತ್ತಲಿಲ್ಲ. ಹುಣಸಗಿಯಲ್ಲಿ ಮಗಳಿಗೆಂದು ಒಂದು ಡಜನ್ ಹಸಿರು ಬಳೆ ಕೊಂಡರು, ಅಷ್ಟೆ. ಗಾಡಿಯಿಂದಿಳಿದ ಮೇಲೆ ರೈತರು ಬಾಕಿಯಿದ್ದ ನೂರು ರೂಪಾಯಿಯನ್ನು ಮಾಸ್ತರರ ಕೈಯಲ್ಲಿಟ್ಟರು. ಹೆಂಡತಿ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು ತಿರುಗಿ ನೋಡಿದಳು.

“ಮಾಸ್ತರ,” ಎಂದಳು ಆಕೆಯೇ, “ಶ್ರಾವಣದಾಗ ಇನ್ನೊಮ್ಮಿ ಗಾಡಿ ಬಿಡ್ತೀರೇನ್ರಿ?”

“ಶ್ರಾವಣದಾಗ ಗಡ್ಡಿ ಊರಿನ ತನಕ ಹೋಗಾಕ ಆಗಂಗಿಲ್ಲವ್ವ.”

“ಎಲ್ಲಿ ತನಕ ಆಗ್ತದೋ ಅಲ್ಲಿ ತನಕ ಬಿಡ್ರಿ. ಎರಡು ಸೀಟು ನಮ್ಮವು.”