ಗೋಲ್ ಗುಂಬಜ್ ಹತ್ತಿದ ಪುಟ್ಟ ಕ್ಯಾಮೆರಾ

ವಿಜಯಪುರದಲ್ಲಿ ನೋಡಬೇಕಾದ್ದೆಲ್ಲ ಒಂದೋ ತೀರಾ ದೊಡ್ಡದು, ಇಲ್ಲವೇ ಅರೆಗತ್ತಲಿನಲ್ಲಿ ಇರುವಂಥದ್ದು. ಗೋಲ್ ಗುಂಬಜಿನ ಗುಮ್ಮಟವೇ ಹೊರಗಿನಿಂದ ಸುಮಾರು 44 ಮೀಟರ್ ಅಗಲ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಬಾಗಿಲು ದಾಟಿದರೆ ಮಬ್ಬು. ಫೋಟೋ ತೆಗೆಯುವವರ ಪಾಲಿಗೆ ಇದು ಪರೀಕ್ಷೆಯ ಊರು. ಅಂತಹ ಊರಿಗೆ 2024ರ ಡಿಸೆಂಬರಿನಲ್ಲಿ ನಾನು ಅಂಗೈಯಷ್ಟಗಲದ ಒಂದು ಕ್ಯಾಮೆರಾವನ್ನು ಮಾತ್ರ ಪರ್ಸಿಗೆ ಹಾಕಿಕೊಂಡು ಹೊರಟಾಗ ಮನೆಯವರೆಲ್ಲ ನಕ್ಕರು.

ಅವರು ನಗುವುದಕ್ಕೆ ಕಾರಣವಿತ್ತು. ನಮ್ಮ ಕರಾವಳಿಯ ಮದುವೆ ಮನೆಗಳಲ್ಲಿ ಹೆಂಗಸರ ಕಡೆ ಫೋಟೋ ತೆಗೆಯುವುದು ನನ್ನ ಕೆಲಸ. ಅದಕ್ಕೆಂದು ದೊಡ್ಡ ಕ್ಯಾಮೆರಾ ಇದೆ, ಅದರ ಲೆನ್ಸ್‌ಗಳಿವೆ, ಫ್ಲ್ಯಾಶ್ ಇದೆ. ಎಲ್ಲವನ್ನೂ ಚೀಲಕ್ಕೆ ತುಂಬಿದರೆ ಒಂದು ಮಗುವನ್ನು ಸೊಂಟದ ಮೇಲೆ ಹೊತ್ತಷ್ಟೇ ಭಾರ. ಮದುವೆಯ ದಿನ ಆ ಭಾರ ಗೊತ್ತಾಗುವುದಿಲ್ಲ. ಆದರೆ ಮಾರನೆಯ ದಿನ ಅಂಗಳದಲ್ಲಿ ಮಕ್ಕಳು ಆಡುವಾಗ, ಅಡುಗೆಮನೆಯಲ್ಲಿ ಉಮ್ಮ ಪತ್ತಿರ್ ತಟ್ಟುವಾಗ ಆ ಚೀಲ ಬಿಚ್ಚುವ ಮನಸ್ಸು ಯಾರಿಗಿರುತ್ತದೆ? ಪರರ ಮನೆಯ ಸಾವಿರಾರು ಚಿತ್ರಗಳು ನನ್ನ ಹತ್ತಿರ ಇವೆ, ನಮ್ಮ ಮನೆಯವು ಬೆರಳೆಣಿಕೆಯಷ್ಟು. ಇನ್ನೊಂದು ಕಾರಣವೂ ಇತ್ತು. ನಿಖಾಹ್‌ನ ಹೊತ್ತಿಗೆ ದೊಡ್ಡ ಕ್ಯಾಮೆರಾ ಕೈಕೊಟ್ಟರೆ? ಎರಡನೆಯದೊಂದು ಜೊತೆಯಲ್ಲಿ ಇರಲೇಬೇಕು. ದಿನನಿತ್ಯಕ್ಕೂ ಒದಗಬೇಕು, ಆಪತ್ತಿಗೂ ಆಗಬೇಕು. ಅಂತಹದು ಯಾವುದು?

"ಮೊಬೈಲ್ ಇದೆಯಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಒಳ್ಳೆಯ ಮೊಬೈಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರ ತೆಗೆದು, ಕೂಡಿಸಿ, ಕತ್ತಲನ್ನೂ ಬೆಳಕು ಮಾಡಿ ಕೊಡುತ್ತದೆ. ಕಲ್ಲಿನ ಗೋಡೆಗೆ ಅದು ಚೆನ್ನ. ಅಲುಗಾಡುವ ಮಕ್ಕಳ ಮುಖಕ್ಕೆ ಅಷ್ಟು ಚೆನ್ನಲ್ಲ. ಅದಲ್ಲದೆ ಮೊಬೈಲಿನಲ್ಲಿ ತೆಗೆದ ಚಿತ್ರ ಅಲ್ಲೇ ಇರುತ್ತದೆಂಬ ಭರವಸೆ ಇಲ್ಲ. ಅದು ತಾನಾಗಿಯೇ ಯಾವುದೋ ದೂರದ ಸರ್ವರಿಗೆ ಹೋಗಿ ಕೂರಬಹುದು, ಎಲ್ಲಿ ತೆಗೆದದ್ದೆಂಬ ವಿಳಾಸವನ್ನೂ ತನ್ನೊಳಗೆ ಬರೆದುಕೊಂಡಿರಬಹುದು, ಆಟವಾಡಲು ಫೋನ್ ಇಸಿದುಕೊಂಡ ಹುಡುಗನ ಕೈಯಿಂದ ಕುಟುಂಬದ ವಾಟ್ಸಪ್ ಗುಂಪಿಗೂ ಹಾರಬಹುದು. ಹೆಂಗಸರ ಕಡೆ ಫೋಟೋ ತೆಗೆಯುವವಳಿಗೆ ಇದು ಸಣ್ಣ ಮಾತಲ್ಲ. ನನ್ನನ್ನು ಕರೆಯುವುದೇ ಆ ಚಿತ್ರಗಳು ಮನೆಯ ಹೊಸ್ತಿಲು ದಾಟುವುದಿಲ್ಲವೆಂಬ ನಂಬಿಕೆಯ ಮೇಲೆ.

ಅಂಗಡಿಗೆ ಹೋದರೆ ಪುಟ್ಟ ಕ್ಯಾಮೆರಾಗಳೇ ಕಾಣುವುದಿಲ್ಲ. 2010ರಲ್ಲಿ ಜಪಾನಿನ ತಯಾರಕರು ಚಿಕ್ಕವು, ದೊಡ್ಡವು ಎಲ್ಲ ಸೇರಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳನ್ನು ಜಗತ್ತಿಗೆ ಕಳಿಸಿದ್ದರು. ಅವುಗಳಲ್ಲಿ ಹೆಚ್ಚಿನವು ಕಿಸೆಗೆ ಹಿಡಿಸುವ ಪುಟಾಣಿಗಳೇ. ಆಮೇಲೆ ಬಂದ ಮೊಬೈಲಿನ ಪ್ರವಾಹದಲ್ಲಿ ಅವು ಕೊಚ್ಚಿಹೋದವು. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಯಾಶಿಕಾ ಇರುತ್ತಿದ್ದುದನ್ನು, 36 ಚಿತ್ರಗಳ ರೋಲನ್ನು ಆರು ತಿಂಗಳು ಜೋಪಾನ ಮಾಡುತ್ತಿದ್ದುದನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಈಗ ಹೊಸದಾಗಿ ಸಿಗುವ ಒಳ್ಳೆಯ ಪುಟ್ಟ ಕ್ಯಾಮೆರಾಗಳು ಕೆಲವೇ. ಅವುಗಳ ಬೆಲೆ ಕೇಳಿದರೆ ಚಿನ್ನದಂಗಡಿಯ ನೆನಪಾಗುತ್ತದೆ.

ಒಬ್ಬ ಅಂಗಡಿಯವನು "ಎಷ್ಟು ಮೆಗಾಪಿಕ್ಸೆಲ್ ಬೇಕು ಮೇಡಂ?" ಎಂದೇ ಮಾತು ಆರಂಭಿಸಿದ. ಈ ಸಂಖ್ಯೆಯ ಮೋಹ ಇನ್ನೂ ಹೋಗಿಲ್ಲ ನೋಡಿ. ಆಲ್ಬಮ್ಮಿಗೆ ಅಂಟಿಸುವ 4×6 ಇಂಚಿನ ಚಿತ್ರಕ್ಕೆ ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚಿದ್ದರೆ ಧಾರಾಳ. ಗೋಡೆಗೆ ತೂಗುಹಾಕುವ 8×12ಕ್ಕೆ ಒಂಬತ್ತು ಇದ್ದರೆ ಸಾಕು. ನೋಡಬೇಕಾದದ್ದು ಒಳಗಿರುವ ಸೆನ್ಸರಿನ ಅಳತೆಯನ್ನು. ಮಳೆಗಾಲದಲ್ಲಿ ಸೂರಿನ ಕೆಳಗೆ ಲೋಟವನ್ನೂ ಬೋಗುಣಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಐದು ನಿಮಿಷದಲ್ಲಿ ಯಾವುದರಲ್ಲಿ ಹೆಚ್ಚು ನೀರು? ಬೆಳಕಿನ ಲೆಕ್ಕವೂ ಹಾಗೆಯೇ. ಅಗ್ಗದ ಪುಟ್ಟ ಕ್ಯಾಮೆರಾದ ಸೆನ್ಸರ್ ಸಾಮಾನ್ಯವಾಗಿ ಸುಮಾರು 6 ಮಿಲಿಮೀಟರ್ ಉದ್ದ, ನಾಲ್ಕೂವರೆ ಅಗಲ. ಒಂದು ಇಂಚಿನದೆಂದು ಕರೆಯುವ ಸೆನ್ಸರ್ ಹೆಸರಿಗೆ ಇಂಚಾದರೂ ನಿಜಕ್ಕೆ 13.2 ಮಿಲಿಮೀಟರ್ ಉದ್ದ, 8.8 ಅಗಲ. ಆದರೂ ಹಿಂದಿನದರ ನಾಲ್ಕು ಪಟ್ಟು ಜಾಗ. ಗುಮ್ಮಟದೊಳಗಿನ ಮಬ್ಬಿನಲ್ಲಿ ಈ ನಾಲ್ಕು ಪಟ್ಟು ಎಂದರೇನೆಂದು ಕಣ್ಣಿಗೇ ಕಾಣುತ್ತದೆ.

ಹಾಗೆ ನೋಡುತ್ತಾ ನೋಡುತ್ತಾ ಪಟ್ಟಿ ನಾಲ್ಕಕ್ಕೆ ಇಳಿಯಿತು. 2019ರಲ್ಲಿ ಬಂದ ರಿಕೋ ಜಿಆರ್-3ರಲ್ಲಿ ದೊಡ್ಡ ಕ್ಯಾಮೆರಾಗಳ ಅಳತೆಯ ಸೆನ್ಸರೇ ಇದೆ, ತೂಕ 257 ಗ್ರಾಂ ಮಾತ್ರ. ಆದರೆ ಝೂಮ್ ಇಲ್ಲ, ಫ್ಲ್ಯಾಶ್ ಕೂಡಾ ಇಲ್ಲ. ಬೀದಿಯ ಚಿತ್ರ ತೆಗೆಯುವವರಿಗೆ ಅದು ಪ್ರಾಣ. ಮದುವೆ ಮನೆಯ ಆಪತ್ತಿಗೆ ಸಾಲದು. 2024ರ ಫ್ಯೂಜಿಫಿಲ್ಮ್ ಎಕ್ಸ್-100-6 ನೋಡಲು ಬಲು ಚೆಂದ, ಚಿತ್ರವೂ ಚೆಂದ. ಆದರೆ 521 ಗ್ರಾಂ ಭಾರದ್ದನ್ನು ಪರ್ಸಿನಲ್ಲಿ ಇಟ್ಟುಕೊಂಡು ತಿರುಗಲಾಗದು. 2016ರ ಕ್ಯಾನನ್ ಜಿ-7-ಎಕ್ಸ್ ಮಾರ್ಕ್-2 ಝೂಮ್ ಮಾಡಿದರೂ ಬೆಳಕಿನ ಬಾಗಿಲನ್ನು ತೆರೆದೇ ಇಟ್ಟಿರುತ್ತದೆ, ಅದರ ಪರದೆಯೂ ಮೇಲಕ್ಕೆ ತಿರುಗುತ್ತದೆ. ನಾಲ್ಕನೆಯದು 2012ರ ಸೋನಿ ಆರ್‌ಎಕ್ಸ್-100. ಆ ಸಾಲಿನ ಮೊಟ್ಟಮೊದಲ ಮಾದರಿ. ಬ್ಯಾಟರಿ ಸೇರಿ 240 ಗ್ರಾಂ, ಒಂದಿಂಚಿನ ಸೆನ್ಸರ್, ಲೆನ್ಸಿನ ಬಾಯಿ ಎಫ್ 1.8ರಷ್ಟು ಅಗಲಕ್ಕೆ ತೆರೆಯುತ್ತದೆ. ಪೂರ್ತಿ ಝೂಮ್ ಮಾಡಿದರೆ ಅದು 4.9ಕ್ಕೆ ಕುಗ್ಗುತ್ತದೆ, ಹಾಗಾಗಿ ಕತ್ತಲಲ್ಲಿ ಝೂಮ್ ಮಾಡದೆ ಹತ್ತಿರ ಹೋಗಬೇಕು. ಇದರಲ್ಲಿ ವೈ-ಫೈ ಇಲ್ಲ. ಅದನ್ನು ಕೊರತೆಯೆಂದು ಬರೆಯುವವರೇ ಹೆಚ್ಚು. ನಾನು ಆರಿಸಿದ್ದೇ ಆ ಕೊರತೆಗಾಗಿ.

ಕೊಂಡದ್ದು ಹಳೆಯದನ್ನು, ಒಬ್ಬರ ಕೈ ದಾಟಿ ಬಂದದ್ದನ್ನು. ಹೀಗೆ ಹಳೆಯದನ್ನು ಕೊಳ್ಳುವ ಸಹೋದರಿಯರು ಚಿತ್ರ ತೆಗೆದು ನೋಡುವ ಮೊದಲು ಕಿವಿಗೊಡಿ. ಲೆನ್ಸ್ ಹೊರಬರುವಾಗ ಮರಳು ಅರೆದಂತೆ ಸದ್ದು ಬಂದರೆ ಬೇಡವೇ ಬೇಡ. ಕಡಲ ತೀರದ ನಮ್ಮೂರಿನಲ್ಲಿ ಇದು ಸಾಮಾನ್ಯ. ಬಿಳಿ ಗೋಡೆಯ ಒಂದು ಚಿತ್ರ ತೆಗೆದರೆ ಒಳಗೆ ಸೇರಿದ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬ್ಯಾಟರಿ ಈಗಲೂ ಸಿಗುವುದೇ ಎಂದು ಕೇಳಿ. ಕಾರ್ಡನ್ನಂತೂ ನೋಡಲೇಬೇಕು. ಹಳೆಯ ಒಲಿಂಪಸ್ ಮತ್ತು ಫ್ಯೂಜಿಗಳು ಕೆಲವು ಎಕ್ಸ್‌ಡಿ ಎಂಬ ಕಾರ್ಡನ್ನು ಕೇಳುತ್ತವೆ, ಅದನ್ನು ಹುಡುಕುವುದೇ ಒಂದು ಯಾತ್ರೆಯಾದೀತು. ತೀರಾ ಹಳೆಯವು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಗುರುತಿಸುವುದೂ ಇಲ್ಲ.

ವಿಜಯಪುರದಲ್ಲಿ ನಮಗೆ ಆತಿಥ್ಯ ನೀಡಿದ್ದು ಕಾಲೇಜು ದಿನಗಳ ಗೆಳತಿಯ ಮನೆ. ಬೆಳಿಗ್ಗೆ ಬೇಗನೆ ಗೋಲ್ ಗುಂಬಜಿಗೆ ಹೊರಟೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಗೋಪುರಗಳು. ಮೇಲಿನ ಪಿಸುಮಾತಿನ ಗ್ಯಾಲರಿಗೆ ಹತ್ತುವುದು ಗೋಪುರದೊಳಗಿನ ಕಿರಿದಾದ, ಕಡಿದಾದ ಮೆಟ್ಟಿಲುಗಳಲ್ಲಿ. ಒಂದು ಕೈಯಲ್ಲಿ ಬುರ್ಖಾ ಎತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಗೋಡೆ ಅಥವಾ ಮಗುವಿನ ಕೈ. ದೊಡ್ಡ ಕ್ಯಾಮೆರಾ ಕೊರಳಲ್ಲಿ ನೇತಾಡುತ್ತಿದ್ದರೆ ಪ್ರತಿ ತಿರುವಿನಲ್ಲಿ ಕಲ್ಲಿಗೆ ಬಡಿಯುತ್ತಿತ್ತು. ಮನೆಯಲ್ಲಿ ನಕ್ಕಿದ್ದವರೇ ಏದುಸಿರು ಬಿಡುತ್ತಾ "ನಿನ್ನದೇ ವಾಸಿ" ಎಂದರು.

ಗ್ಯಾಲರಿಯಿಂದ ಕೆಳಗೆ ಇಣುಕಿದರೆ ಎತ್ತರದ ಕಟ್ಟೆಯ ಮೇಲೆ ಸುಲ್ತಾನ ಮತ್ತು ಅವನ ಕುಟುಂಬದವರ ಗೋರಿಗಳ ಗುರುತುಗಳು ಕಾಣುತ್ತವೆ. ನಿಜವಾದ ಗೋರಿಗಳು ನೆಲದ ಕೆಳಗಿನ ಕೋಣೆಯಲ್ಲಿವೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಹಾಗಾಗಿ ಕಂಬಿಯೋ ಕಟ್ಟೆಯೋ ಸಿಕ್ಕಲ್ಲಿ ಕ್ಯಾಮೆರಾ ಊರಿ, ಉಸಿರು ಹಿಡಿದು ಒತ್ತುವುದೊಂದೇ ದಾರಿ. ಅಷ್ಟರಲ್ಲಿ ನಮ್ಮ ಹುಡುಗಿ ಗೋಡೆಗೆ ಬಾಯಿ ಇಟ್ಟು ಏನೋ ಪಿಸುಗುಟ್ಟಿದಳು. ಆಚೆ ಬದಿಯಲ್ಲಿ ನಿಂತ ಅವಳ ಅಣ್ಣ ಬೆಚ್ಚಿ ತಿರುಗಿದ. ಅವನ ಆ ಮುಖ ನನ್ನ ಕ್ಯಾಮೆರಾದಲ್ಲಿದೆ. ಸ್ವಲ್ಪ ಅಲುಗಾಡಿದೆ, ಕತ್ತಲಿನ ಭಾಗದಲ್ಲಿ ಮರಳು ಚೆಲ್ಲಿದಂತೆ ಕಾಳುಕಾಳಾಗಿದೆ. ದೊಡ್ಡ ಕ್ಯಾಮೆರಾದಲ್ಲಿ ಇದಕ್ಕಿಂತ ಶುಭ್ರವಾಗಿ ಬರುತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಚೀಲದಿಂದ ಹೊರತೆಗೆಯುವಷ್ಟರಲ್ಲಿ ಹುಡುಗ ನಗಲು ಆರಂಭಿಸಿರುತ್ತಿದ್ದ.

ಮಲಿಕ್-ಎ-ಮೈದಾನ್ ತೋಪನ್ನು ನಡು ಮಧ್ಯಾಹ್ನ ನೋಡಿದೆವು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಅಂತಹ ಬಿಸಿಲಿನಲ್ಲಿ ಯಾವ ಕ್ಯಾಮೆರಾವಾದರೂ ಒಂದೇ.

ಇಬ್ರಾಹೀಂ ರೋಜಾದ ಮಾತೇ ಬೇರೆ. ಒಂದೇ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ, ನಡುವೆ ನೀರಿನ ಕೊಳ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹೀಂ ಆದಿಲ್ ಶಾಹ್ ಮೂಲತಃ ಇದನ್ನು ತನ್ನ ರಾಣಿ ತಾಜ್ ಸುಲ್ತಾನಳಿಗಾಗಿ ಆರಂಭಿಸಿದ. ಕಟ್ಟಿದವನು ಮಲಿಕ್ ಸಂದಲ್. ಗೋಲ್ ಗುಂಬಜ್ ಗಾತ್ರದಿಂದ ಬೆರಗುಗೊಳಿಸಿದರೆ ಇಲ್ಲಿ ಕಲ್ಲೇ ಕಸೂತಿಯಾಗಿದೆ. ನನಗಂತೂ ಇದೇ ಹೆಚ್ಚು ಇಷ್ಟ. ಇಲ್ಲಿನ ಕಿಟಕಿಗಳಲ್ಲಿ ಅರಬಿ ಅಕ್ಷರಗಳೇ ಜಾಲಂಧ್ರಗಳು. ಅಕ್ಷರಗಳ ನಡುವಿನ ಸಂದಿಯಿಂದಲೇ ಬೆಳಕು ಒಳಬರುತ್ತದೆ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಗೋಡೆ ಕಪ್ಪೆಂದು ಗಾಬರಿಯಾಗಿ ಹೆಚ್ಚು ಬೆಳಕು ಎಳೆದುಕೊಳ್ಳುತ್ತದೆ, ಅಕ್ಷರಗಳೆಲ್ಲ ಬಿಳಿಯಲ್ಲಿ ಕರಗಿಹೋಗುತ್ತವೆ. ಬೆಳಕನ್ನು ಕೂಡಿಸುವ ಕಳೆಯುವ ಗುಂಡಿ ಪುಟ್ಟ ಕ್ಯಾಮೆರಾಗಳಲ್ಲೂ ಇರುತ್ತದೆ, ಅಲ್ಲಿ ಪ್ಲಸ್ ಮತ್ತು ಮೈನಸ್ ಗುರುತು ನೋಡಿರಬಹುದು. ಅದನ್ನು ಮೈನಸ್ ಕಡೆಗೆ ಒಂದೆರಡು ಹೆಜ್ಜೆ ಸರಿಸಿದೆ, ಅಕ್ಷರಗಳು ಎದ್ದು ನಿಂತವು. ಕೊಳ್ಳುವಾಗ ಈ ಗುಂಡಿ ಬೆರಳಿಗೆ ಸುಲಭವಾಗಿ ಸಿಗುತ್ತದೆಯೇ ಎಂದು ಖಂಡಿತ ನೋಡಿಕೊಳ್ಳಿ. ಪಟ್ಟಿಯೊಳಗೆ ಪಟ್ಟಿ ತೆರೆದು ಹುಡುಕಬೇಕಾದರೆ ಯಾರೂ ಬಳಸುವುದಿಲ್ಲ.

ಇಷ್ಟೆಲ್ಲ ಆದರೂ ಆ ಪ್ರಯಾಣದಲ್ಲಿ ನನಗೆ ಬೇಕಾದ ಚಿತ್ರ ಸಿಕ್ಕಿದ್ದು ಯಾವ ಸ್ಮಾರಕದಲ್ಲೂ ಅಲ್ಲ. ಗೆಳತಿಯ ಅತ್ತೆಗೆ ಎಪ್ಪತ್ತು ದಾಟಿದೆ. ಮಕ್ಕಳೆಲ್ಲ ದಾದಿಮಾ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಅವರದೊಂದು ಚಿತ್ರ ಮನೆಯಲ್ಲಿ ಇಲ್ಲ. ಆಧಾರ್ ಕಾರ್ಡಿನಲ್ಲಿರುವುದು ತನ್ನದೆಂದು ಅವರು ಒಪ್ಪುವುದೂ ಇಲ್ಲ. ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಮದುವೆಯಲ್ಲಿ ಒಳಮನೆಯ ಹೆಂಗಸರ ಚಿತ್ರವೊಂದನ್ನು ಯಾರೋ ಮೊಬೈಲಿನಲ್ಲಿ ತೆಗೆದು ಸ್ಟೇಟಸ್‌ಗೆ ಹಾಕಿದ್ದರಂತೆ. ಊರೆಲ್ಲ ನೋಡಿತು. ಅಂದಿನಿಂದ ಯಾರು ಮೊಬೈಲ್ ಎತ್ತಿದರೂ ದಾದಿಮಾ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಅವರು ರೊಟ್ಟಿ ಬಡಿಯುತ್ತಿದ್ದರು. ಅಂಗೈಯಷ್ಟಿದ್ದ ಜೋಳದ ಹಿಟ್ಟು ಪಟಪಟನೆ ತಿರುಗುತ್ತಾ ತಿರುಗುತ್ತಾ ತಟ್ಟೆಯಗಲ ಆಗುವುದನ್ನು ನೋಡುವುದೇ ಒಂದು ಸೊಗಸು. ಹಿತ್ತಿಲ ಬಾಗಿಲಿನಿಂದ ಬೆಳಕು ಓರೆಯಾಗಿ ಮುಖಕ್ಕೆ ಬೀಳುತ್ತಿತ್ತು. ನಾನು ಕ್ಯಾಮೆರಾವನ್ನು ಎತ್ತದೆ, ಅವರ ಮುಂದೆ ಇಟ್ಟೆ.

"ಇದೇನವ್ವಾ, ಆಟಿಗೀನಾ?" ಎಂದರು.

"ಕ್ಯಾಮೆರಾ, ದಾದಿಮಾ."

"ಇದರಾಗಿಂದ ಫೋಟೋ ಎಲ್ಲಿಗಿ ಹೋಗ್ತೈತಿ?"

"ಎಲ್ಲಿಗೂ ಹೋಗುವುದಿಲ್ಲ. ಇದಕ್ಕೆ ನೆಟ್ ಇಲ್ಲ. ಈ ಕಾರ್ಡಿನಲ್ಲೇ ಇರುತ್ತದೆ" ಎಂದು ಕಾರ್ಡನ್ನು ತೆಗೆದು ಅವರ ಹಿಟ್ಟು ಮೆತ್ತಿದ ಕೈಯ ಬಳಿ ಹಿಡಿದು ತೋರಿಸಿದೆ. ಸೊಸೆಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಆಮೇಲೆ ಏನೂ ಹೇಳದೆ ಇನ್ನೊಂದು ಉಂಡೆ ತೆಗೆದುಕೊಂಡರು. ಸೆರಗು ಮುಖಕ್ಕೆ ಬರಲಿಲ್ಲ.

ಸದ್ದುಗಳನ್ನೆಲ್ಲ ಮೊದಲೇ ನಿಲ್ಲಿಸಿದ್ದೆ. ಫ್ಲ್ಯಾಶ್ ಮುಚ್ಚಿತ್ತು. ಹನ್ನೊಂದು ಚಿತ್ರ ತೆಗೆದೆ. ಏಳರಲ್ಲಿ ಕಣ್ಣು ಹಂಚಿನ ಮೇಲೆ, ಮೂರರಲ್ಲಿ ಹೊಗೆ. ಒಂದರಲ್ಲಿ ಕೈಗಳು ವೇಗಕ್ಕೆ ಮಸುಕಾಗಿವೆ, ಮುಖ ಮಾತ್ರ ಸ್ಪಷ್ಟವಾಗಿದೆ, ಮೊಮ್ಮಗನ ಯಾವುದೋ ತುಂಟತನಕ್ಕೆ ತುಟಿ ನಗಲು ಹೊರಟಿದೆ. ಎದೆಯ ಮಟ್ಟದಲ್ಲಿ ಹಿಡಿದ ಪುಟ್ಟ ವಸ್ತುವಿನ ಮುಂದೆ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ದೊಡ್ಡ ಲೆನ್ಸ್ ಕಂಡರೆ ಮದುಮಗಳೇ ಬಿಗಿಯಾಗುತ್ತಾಳೆ, ಇನ್ನು ದಾದಿಮಾ?

ಊರಿಗೆ ಬಂದ ಮೇಲೆ ಅದನ್ನು ಸ್ಟುಡಿಯೋಗೆ ಕೊಡದೆ, ಮದುವೆ ಕೆಲಸಕ್ಕೆಂದು ಇಟ್ಟುಕೊಂಡಿರುವ ಮನೆಯ ಪ್ರಿಂಟರಿನಲ್ಲೇ 4×6ರಲ್ಲಿ ಒಂದು ಪ್ರತಿ ಮುದ್ರಿಸಿ, ಗಟ್ಟಿ ರಟ್ಟಿನ ನಡುವೆ ಇಟ್ಟು ಅಂಚೆಗೆ ಹಾಕಿದೆ. ವಾರದ ನಂತರ ಗೆಳತಿಯ ಫೋನ್ ಬಂತು. ಅತ್ತೆ ಮಾತಾಡಬೇಕಂತೆ ಎಂದಳು.

"ಇನ್ನೊಂದು ಕಳಸ್ತೀ ಏನವ್ವಾ?" ಎಂದರು ದಾದಿಮಾ. "ಕಲಬುರಗಿಯಾಗ ನನ್ ತಂಗಿ ಅದಾಳ. ಆಕಿಗಿ ಕೊಡಬೇಕು. ಮೊಬೈಲ್‌ದಾಗ ಬ್ಯಾಡ ಮತ್ತ, ಹಿಂಗ ಕಾಗದದಾಗ."