ಫ್ಲಾರೆನ್ಸಿನ ಗುಮ್ಮಟವೂ ತಂಗಳ ಬ್ರೆಡ್ಡೂ

ಇಟಲಿಯ ಫ್ಲಾರೆನ್ಸ್ ನಗರವನ್ನು ಸಂದರ್ಶಿಸುವ ಯೋಗ ನಮಗೊಮ್ಮೆ ಒದಗಿತ್ತು. ಆರ್ನೋ ನದಿಯ ತಟದ ಆ ಪುರಾತನ ಪಟ್ಟಣದಲ್ಲಿ ಮೊದಲು ಕಣ್ಸೆಳೆಯುವುದು ಮಹಾಇಗರ್ಜಿಯ ಕೆಂಪು ಗುಮ್ಮಟ. ಕಟ್ಟಡ ಆರಂಭವಾದುದು 1296ರಲ್ಲಿ. ಅಷ್ಟು ವಿಶಾಲವಾದ ಗುಮ್ಮಟವನ್ನು ಕಟ್ಟುವ ಬಗೆಯರಿಯದೆ ಜನರು ಬಹುಕಾಲ ಕಾದರು. ನೆಲದಿಂದ ಆಧಾರದ ಚೌಕಟ್ಟನ್ನು ನಿಲ್ಲಿಸದೆಯೇ ಬ್ರುನೆಲೆಸ್ಕಿಯು 1420ರಿಂದ 1436ರವರೆಗೆ ಅದನ್ನು ಕಟ್ಟಿ ಪೂರೈಸಿದನು. 463 ಮೆಟ್ಟಿಲುಗಳನ್ನೇರುವಾಗ ನಮ್ಮ ಮೊಣಕಾಲುಗಳು ವಯಸ್ಸನ್ನು ನೆನಪಿಸಿದವು. ಮೇಲೆ ಬೀಸಿದ ಗಾಳಿ ಅದನ್ನು ಮರೆಸಿತು.

ಶಾಕಾಹಾರಿಗಳಾದ ನಮಗೆ ಊಟದ ಚಿಂತೆಯಿತ್ತು. ಅದನ್ನು ಕಳೆದದ್ದು ಅಲ್ಲಿಯ ‘ರಿಬೊಲ್ಲಿತಾ’. ಉಪ್ಪು ಹಾಕದೆ ಸುಟ್ಟ, ತಂಗಳಾಗಿ ಒಣಗಿದ ಬ್ರೆಡ್ಡು, ಬಿಳಿಯ ಬೀನ್ಸ್ ಕಾಳು, ಕಡುಹಸಿರು ಕೋಸಿನೆಲೆ, ಗಜ್ಜರಿ ಇವುಗಳನ್ನು ಬೇಯಿಸಿ, ಮತ್ತೆ ಕುದಿಸಿ, ಆಲಿವ್ ಎಣ್ಣೆ ಹನಿಸಿ ಬಡಿಸುವರು. ‘ಮರಳಿ ಕುದಿಸಿದ್ದು’ ಎಂಬುದೇ ಆ ಹೆಸರಿನ ಅರ್ಥ. ಮಾಂಸದ ಸಾರು ಬೆರೆತಿಲ್ಲವೆಂದು ವಿಚಾರಿಸಿಕೊಂಡೇ ಉಂಡೆವು, ಹದವಾಗಿತ್ತು, ಹಿತವಾಗಿತ್ತು.

ಒಂದು ತುಣುಕೂ ವ್ಯರ್ಥವಾಗಬಾರದೆಂದು ಬಡ ರೈತರು ಕಂಡುಕೊಂಡ ಅಡಿಗೆಯಿದು. ಇಂದು ಆ ನಗರದವರು ಇದನ್ನು ಅತಿಥಿಗಳಿಗೆ ಅಭಿಮಾನದಿಂದ ಬಡಿಸುತ್ತಾರೆ. ನಮ್ಮ ಮದುವೆಮನೆಗಳಲ್ಲಿ ಎಲೆಯೊಡನೆ ತಿಪ್ಪೆ ಸೇರುವ ಅನ್ನ ಆಗ ನೆನಪಾಗಿ ತುತ್ತು ಗಂಟಲಲ್ಲಿ ನಿಂತಿತು. ಗುಮ್ಮಟ ಕಟ್ಟಲು ಬ್ರುನೆಲೆಸ್ಕಿಯಂಥವನೊಬ್ಬ ಹುಟ್ಟಿಬರಬೇಕು. ಉಳಿದ ತುತ್ತನ್ನು ಕಾಪಾಡುವ ವಿವೇಕ ಮಾತ್ರ ಪ್ರತಿ ಮನೆಯ ಒಲೆಯ ಬಳಿಯೇ ಸಾಧ್ಯ.