ರಾಯಚೂರು ಸ್ಟೇಷನ್ನಿನಲ್ಲಿ ಮೂರು ತಾಸು

ನನ್ನ ತವರು ಮಾನ್ವಿ, ಕೊಟ್ಟದ್ದು ದೇವದುರ್ಗಕ್ಕೆ. ನಾನು ಬೆಳೆಯುವಾಗ ಎರಡೂ ಊರಿಗೆ ರೈಲಿರಲಿಲ್ಲ. ರೈಲೆಂದರೆ ನಮಗೆ ರಾಯಚೂರು. ದೇವದುರ್ಗಕ್ಕಂತೂ ಇಂದಿಗೂ ಹಳಿ ಬಂದಿಲ್ಲ. ಹೋದ ತಿಂಗಳು ಮಗಳನ್ನು ನರ್ಸಿಂಗ್ ಓದಲು ಬೆಂಗಳೂರಿಗೆ ಕಳಿಸಬೇಕಿತ್ತು. ರಾತ್ರಿ ಗಾಡಿ ತಪ್ಪೀತೆಂಬ ಹೆದರಿಕೆಯಿಂದ ಗಬ್ಬೂರಿನ ಮೇಲೆ ಬರುವ ಬಸ್ಸು ಹಿಡಿದು ಮೂರು ತಾಸು ಮೊದಲೇ ಬಂದು ಕೂತೆವು.

ಸೋದರಿಯರೇ, ಇದು ಸಣ್ಣ ಸ್ಟೇಷನ್ ಅಲ್ಲ. ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯವರು, ಮದರಾಸು ಕಡೆಯಿಂದ ಮದ್ರಾಸ್ ರೈಲ್ವೆಯವರು ಹಳಿ ಹಾಕುತ್ತ ಬಂದು 1871ರಲ್ಲಿ ಕೂಡಿದ್ದು ಇಲ್ಲಿಯೇ, ಬೀಗರು ಊರ ಬಾಗಿಲಲ್ಲಿ ಎದುರುಗೊಂಡ ಹಾಗೆ! ಇಬ್ಬರದೂ ಐದೂವರೆ ಅಡಿ ಅಗಲದ ಹಳಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡನ್ನೂ ಸೇತುವೆ ಮೇಲೆ ದಾಟಬೇಕು. ಆಗ ಊರು ನಿಜಾಮರದು, ಹಳಿ ಇಂಗ್ಲಿಷರ ಕಂಪನಿಗಳದು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಗದ್ವಾಲದ ಹಳಿ ಬಂದದ್ದು ತೀರ ಈಚೆಗೆ, 2013ರಲ್ಲಿ.

ಇಷ್ಟು ದೊಡ್ಡ ದಾರಿ ಮನೆಯ ಹತ್ತಿರವೇ ಇದ್ದರೂ ನನಗೆ ಅದು ಇಲ್ಲದಂತೆಯೇ ಇತ್ತು. ಎಸ್ಸೆಸ್ಸೆಲ್ಸಿ ಪಾಸಾದಾಗ, "ರೈಲು ಹತ್ತೋವಷ್ಟು ದೂರ ಹೆಣ್ಣುಹುಡುಗಿನ ಹೆಂಗ ಕಳಸೋದು?" ಅಂದರು ಅಪ್ಪ. ಮಾತು ಅಲ್ಲಿಗೇ ಮುಗಿಯಿತು. ಈ ಸಲ ಅದೇ ಮಾತನ್ನು ನಮ್ಮತ್ತೆ ಆಡಿದರು. ನಾನು ಎದುರು ಮಾತಾಡಲಿಲ್ಲ, ಸುಮ್ಮನೆ ರೊಟ್ಟಿ ಬಡಿಯಲು ಕೂತೆ. ಐವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. (ರೊಟ್ಟಿ ಪೂರಾ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿರಿ, ಬಿಸಿ ಇರುವಾಗ ಕಟ್ಟಿದರೆ ಮೆತ್ತಗಾಗಿ ಬೂಸಲು ಹಿಡಿಯುತ್ತದೆ.)

ಪ್ಲಾಟ್‌ಫಾರ್ಮಿನಲ್ಲಿ ನಮ್ಮಂತೆಯೇ ರೊಟ್ಟಿಗಂಟು ಇಟ್ಟುಕೊಂಡು ಗುಳೆ ಹೊರಟವರು ಕೂತಿದ್ದರು. ಮಳೆ ಕೈಕೊಟ್ಟರೆ ನಮ್ಮ ಕಡೆಯವರು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ ಎಂದು ಹೋಗುತ್ತಾರೆ. ಒಬ್ಬಾಕೆಯ ಕಂಕುಳಲ್ಲಿ ಕೂಸು, ಕೈಯಲ್ಲಿ ಹಿಟ್ಟಿನ ಡಬ್ಬಿ. ನಿನ್ನ ಮಗಳು ಓದಲು ಹೊರಟಾಳೆ, ನಮ್ಮ ದೊಡ್ಡಾಕಿ ಸಾಲಿ ಬಿಟ್ಟು ಕೂಸು ಆಡಸಾಕ ಬಂದಾಳ ಎಂದಳು. ನಾನು ಏನು ಹೇಳಲಿ? ಹತ್ತು ರೊಟ್ಟಿ ಬಿಚ್ಚಿ ಕೊಟ್ಟೆ.

ಗಾಡಿ ಬಂತು. ರಿಸರ್ವೇಷನ್ ಸಿಕ್ಕಿರಲಿಲ್ಲ, ಹೆಂಗಸರ ಡಬ್ಬಿಗೇ ಹತ್ತಿಸಿದೆವು. ಮಗಳ ಪಕ್ಕದಲ್ಲೇ ಆಕೆ ಜಾಗ ಹಿಡಿದಿದ್ದಳು. ಕಿಟಕಿಯಿಂದ, "ಅಂಜಬ್ಯಾಡ್ರಿ ಅಕ್ಕ, ನಮ್ ಹುಡುಗಿ ಇದ್ದಂಗ ನೋಡ್ಕೊಂತೀವಿ" ಎಂದಳು. ಗಾಡಿ ತುಂಗಭದ್ರೆಯ ಕಡೆ ಸಾಗಿದ ಮೇಲೆ ನೆನಪಾಯಿತು, ಆಕೆಯ ಊರು ಯಾವುದೆಂದು ನಾನು ಕೇಳಲೇ ಇಲ್ಲ.